ಬಲವಂತವಾಗಿ ಕಣ್ಮರೆ ಮಾಡಲಾದವರ ಹುಡುಕಾಟದಲ್ಲಿ ಸಮಾಜ ಮಾನವಶಾಸ್ತ್ರಜ್ಞರಿಗೇನು ಕೆಲಸ?

ಹೂತಿಟ್ಟ ಶವಗಳನ್ನು ಅಗೆದು ತೆಗೆಯುವುದು ಆಮೇಲಿನ ಮಾತು; ಎಲ್ಲಿ ಅಗೆಯಬೇಕು, ಯಾರಿಗಾಗಿ ಅನ್ನುವುದನ್ನು ಮೊದಲು ಜನರ ಬಾಯಿಂದ ತಿಳಿಯಬೇಕು. ಜನರ ಜೊತೆ ಬೆರೆತು ಅವರ ಬದುಕನ್ನು ಅಧ್ಯಯನ ಮಾಡುವ ಇವರ ಕೆಲಸ ಅದೇ. ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶವನ್ನೇ ನೋಡಿ. 1960ರಿಂದ 1996ರವರೆಗಿನ ಅಂತರ್ಯುದ್ಧದಲ್ಲಿ ಬಲಿಯಾದವರಲ್ಲಿ ಹೆಚ್ಚಿನವರು ತಮ್ಮದೇ ಭಾಷೆಗಳನ್ನಾಡುವ ಅಲ್ಲಿನ ಮೂಲನಿವಾಸಿಗಳಾದ ಮಾಯಾ ಜನ. ಮಾನವಶಾಸ್ತ್ರಜ್ಞರು ಕಣ್ಮರೆಯಾದವರ ಕುಟುಂಬದವರ ಜೊತೆ, ಬೇಕಾದರೆ ದುಭಾಷಿಯನ್ನೂ ಕರೆದುಕೊಂಡು, ಗಂಟೆಗಟ್ಟಲೆ ಕೂತು ಕೇಳುತ್ತಾರೆ: ಅವತ್ತು ಯಾವ ಅಂಗಿ ತೊಟ್ಟಿದ್ದರು? ಹರಿದಲ್ಲಿ ಯಾವ ಬಣ್ಣದ ದಾರದಿಂದ ಹೊಲಿದಿತ್ತು? ಯಾವ ಹಲ್ಲು ಮುರಿದಿತ್ತು?

ಡಿಎನ್‌ಎ ಇದ್ದರೆ ಸಾಲದೇ ಅನ್ನಬಹುದು. ಸಾಲದು. ಸಿಕ್ಕ ಮೂಳೆಗಳ ಡಿಎನ್‌ಎ ಜೊತೆ ಹೋಲಿಸಿ ನೋಡಲು ಬಂಧುಗಳು ಮಾದರಿ ಕೊಡಬೇಕಲ್ಲ! ಸೈನ್ಯಕ್ಕೆ ಹೆದರಿ ದಶಕಗಟ್ಟಲೆ ಬಾಯಿಬಿಡದವರು ಅಪರಿಚಿತರ ಪ್ರಯೋಗಾಲಯವನ್ನು ಸುಮ್ಮನೆ ನಂಬುವುದಿಲ್ಲ. ನನ್ನ ಪ್ರಕಾರ ಆ ವಿಶ್ವಾಸ ಗಳಿಸುವುದೇ ಎಲ್ಲಕ್ಕಿಂತ ಕಷ್ಟ. ಗುರುತು ಸಿಕ್ಕಮೇಲೆ ಸುದ್ದಿ ಮುಟ್ಟಿಸುವುದು, ಮನೆಯವರು ಬಯಸಿದ ರೀತಿಯಲ್ಲೇ ಅಂತ್ಯಸಂಸ್ಕಾರ ಆಗುವಂತೆ ನೋಡಿಕೊಳ್ಳುವುದೂ ಹಲವು ಸಲ ಇವರ ಪಾಲಿಗೇ ಬೀಳುತ್ತದೆ.