ಟ್ಯೂಬಿನಲ್ಲಿ ಹಾಲು, ಏರದ ತೂಕ

ಪ್ರಶ್ನೆ: ಅಕ್ಕ, ನಮ್ಮದು ಡೊಂಬಿವಲಿ. ಮಗಳು 31 ವಾರಕ್ಕೇ ಹುಟ್ಟಿದಳು. ಮನೆಗೆ ಬರುವಾಗ 2.1 ಕಿಲೋ ಇದ್ದಳು. ಚೀಪಿದರೆ ಬೇಗ ಸುಸ್ತಾಗುತ್ತಾಳೆ ಅಂತ ನನ್ನ ಹಾಲನ್ನೇ ಹಿಂಡಿ ಮೂಗಿನ ಟ್ಯೂಬಿನಲ್ಲಿ ಕೊಡುತ್ತೇನೆ, ಮೂರು ಗಂಟೆಗೊಮ್ಮೆ 40 ಎಂಎಲ್. ಈಗ 2.6 ಕಿಲೋ. ಹೋದ ವಾರ ಬರೀ 70 ಗ್ರಾಂ ಏರಿದ್ದಾಳೆ. ತೆಳ್ಳಗೆ ರಾಗಿ ಮಣ್ಣಿ ಮಾಡಿ ಹಾಕು ಅಂತಾರೆ ಅತ್ತೆ. ಹಾಕಲಾ?

ಉತ್ತರ: ಬೇಡ ತಂಗಿ, ಮಣ್ಣಿ ಬೇಡವೇ ಬೇಡ. ಈ ವಯಸ್ಸಿನ ಹೊಟ್ಟೆಗೆ ಅದು ಅರಗುವುದಿಲ್ಲ, ಟ್ಯೂಬೂ ಕಟ್ಟಿಕೊಳ್ಳುತ್ತದೆ. ಅತ್ತೆಯವರ ಕಾಳಜಿ ನಿಜವಾದದ್ದೇ. ಆರು ತಿಂಗಳು ದಾಟಿ ಡಾಕ್ಟರು ಹೂಂ ಅಂದ ಮೇಲೆ ಅವರ ಕೈಯಿಂದಲೇ ಮಾಡಿಸಿ.

ಮುಂಬೈಯಲ್ಲಿ ಎಳೆಗೂಸುಗಳ ವಾರ್ಡಿನಲ್ಲೇ ನರ್ಸ್ ಕೆಲಸ ಮಾಡಿದವಳು ನಾನು. ನಿಮ್ಮ ಪತ್ರ ಓದುತ್ತಿದ್ದಂತೆ ಕಣ್ಣು ನಿಂತದ್ದು ಆ 40ರ ಮೇಲೆ. ದಿನಕ್ಕೆ ಎಂಟು ಸಲ ಅಂದರೆ 320 ಎಂಎಲ್. ಇಂಥ ಮಕ್ಕಳಿಗೆ ಸಾಮಾನ್ಯವಾಗಿ ದಿನಕ್ಕೆ ಕಿಲೋಗೆ ಸುಮಾರು 150 ಎಂಎಲ್ ಲೆಕ್ಕ ಹಿಡಿಯುತ್ತಾರೆ. 2.1 ಕಿಲೋಗೆ ಅದು ಸರಿಯಾಗಿತ್ತು. 2.6ಕ್ಕೆ 390 ಬೇಕು, ಸಲಕ್ಕೆ ಹತ್ತಿರ ಹತ್ತಿರ 49. ಮಗು ಬೆಳೆಯಿತು, ಡಿಸ್ಚಾರ್ಜ್ ಚೀಟಿಯ ಅಳತೆ ಅಲ್ಲೇ ಉಳಿಯಿತು! ಈ ಹಂತದಲ್ಲಿ ದಿನಕ್ಕೆ 25–30 ಗ್ರಾಂ ಏರಬೇಕು, ನಿಮ್ಮ ಮಗಳಿಗೆ ಸಿಕ್ಕಿರುವುದು ಹತ್ತು. ಆದರೆ ನೀವಾಗಿಯೇ ಜಾಸ್ತಿ ಮಾಡಬೇಡಿ. ಹೃದಯದ್ದೋ ಶ್ವಾಸಕೋಶದ್ದೋ ತೊಂದರೆ ಇರುವ ಮಕ್ಕಳಿಗೆ ಬೇಕೆಂದೇ ಕಡಿಮೆ ಬರೆದಿರುತ್ತಾರೆ. ನಾಳೆಯೇ ಡಾಕ್ಟರಿಗೆ ಫೋನ್ ಮಾಡಿ, ‘ಈಗಿನ ತೂಕಕ್ಕೆ ಎಷ್ಟು ಕೊಡಲಿ?’ ಅಂತ ಕೇಳಿ. ತಾಯಿಹಾಲಿನ ಪೋಷಕಾಂಶ ಹೆಚ್ಚಿಸಲು ಬೆರೆಸುವ ಫೋರ್ಟಿಫೈಯರ್ ಪುಡಿ ಬೇಕಾ ಅಂತಲೂ ಕೇಳಿ. ಅವರು ಹೇಳಿದಷ್ಟೇ ಹಾಕಿ, ಒಂದು ಚಿಟಿಕೆಯೂ ಹೆಚ್ಚು ಬೇಡ.

ಇನ್ನೊಂದು, ಹಾಲಿನ ಕೊಬ್ಬು. ಫ್ರಿಜ್‌ನಲ್ಲಿಟ್ಟ ಹಾಲಿನ ಮೇಲೆ ಹಳದಿ ಕೆನೆ ಕಟ್ಟಿರುವುದನ್ನು ನೋಡಿರುತ್ತೀರಿ. ತೂಕ ಏರಿಸುವುದು ಮುಖ್ಯವಾಗಿ ಅದೇ. ಸುಮ್ನೆ ಸುರಿದರೆ ಅದು ಬಾಟಲಿಯ ಗೋಡೆಗೇ ಅಂಟಿಕೊಂಡು ಉಳಿಯುತ್ತದೆ. ಬೆಚ್ಚಗಿನ ನೀರಿನಲ್ಲಿಟ್ಟು, ಕೆನೆ ಪೂರ್ತಿ ಬೆರೆಯುವವರೆಗೆ ಬಾಟಲಿಯನ್ನು ಮೆಲ್ಲಗೆ ತಿರುಗಿಸಿ, ಆಮೇಲೆ ಸಿರಿಂಜಿಗೆ ಹಾಕಿ. ಪಿಸ್ಟನ್ ಒತ್ತಬೇಡಿ. ಸಿರಿಂಜ್ ಎತ್ತಿ ಹಿಡಿದರೆ ಹಾಲು ತಾನೇ ಇಳಿಯುತ್ತದೆ, 20 ನಿಮಿಷ ಆದರೂ ಆಗಲಿ. ಅವಸರ ಮಾಡಿದರೆ ಕೊಟ್ಟದ್ದು ವಾಂತಿಯಾಗಿ ಹೋಗುತ್ತದೆ. ಪ್ರತಿ ಸಲವೂ ಮೊದಲು, ಟ್ಯೂಬಿನ ಗುರುತು ಮೂಗಿನ ಹತ್ತಿರ ಇದ್ದಲ್ಲೇ ಇದೆಯಾ ನೋಡಿ, ಅದರ ತುದಿ ಹೊಟ್ಟೆಯಲ್ಲೇ ಇದೆಯಾ ಅಂತ ಆಸ್ಪತ್ರೆಯಲ್ಲಿ ಕಲಿಸಿದ ಹಾಗೆ ಪರೀಕ್ಷೆ ಮಾಡಿ.

ಹಾಲು ಇಳಿಯುವ ಹೊತ್ತಿಗೆ ಮಗುವನ್ನು ಎದೆಗೆ ಅಪ್ಪಿಕೊಳ್ಳಿ, ಚರ್ಮಕ್ಕೆ ಚರ್ಮ ತಾಗುವ ಹಾಗೆ. ಡಾಕ್ಟರು ಒಪ್ಪಿದರೆ ಹಾಲು ಹಿಂಡಿದ ಮೊಲೆಯನ್ನು ಚೀಪಲು ಬಿಡಿ. ಚೀಪಿದರೆ ಹೊಟ್ಟೆ ತುಂಬುತ್ತದೆ ಅಂತ ಅವಳಿಗೆ ಗೊತ್ತಾಗಬೇಕು ಅಲ್ವಾ? ನಿಮ್ಮ ಹಾಲೂ ಇದರಿಂದ ಹೆಚ್ಚುತ್ತದೆ. ಕಡಿಮೆ ಬಿತ್ತು ಅಂತ ಪಕ್ಕದ ಮನೆಯ ಬಾಣಂತಿಯ ಹಾಲು ಹಾಕಬೇಡಿ. ಮುಂಬೈಯ ಸಯಾನ್ ಆಸ್ಪತ್ರೆಯಲ್ಲಿ 1989ರಿಂದ ತಾಯಿಹಾಲಿನ ಬ್ಯಾಂಕ್ ಇದೆ, ಏಷ್ಯಾದಲ್ಲೇ ಮೊದಲನೆಯದು. ಅಂಥ ಕಡೆ ದಾನಿಗಳ ರಕ್ತ ಪರೀಕ್ಷೆ ಮಾಡಿ, ಹಾಲನ್ನು ಪಾಶ್ಚರೀಕರಿಸಿ, ಅಂದರೆ ಹದವಾಗಿ ಬಿಸಿ ಮಾಡಿ ರೋಗಾಣು ಕೊಂದೇ ಕೊಡುತ್ತಾರೆ.

ತೂಕ ವಾರಕ್ಕೊಮ್ಮೆ ಸಾಕು. ಅದೇ ತಕ್ಕಡಿ, ಮೈಮೇಲೆ ಬಟ್ಟೆ, ಡೈಪರ್ ಏನೂ ಇರಬಾರದು.

ಹಸಿರು ವಾಂತಿ, ಉಬ್ಬಿದ ಗಟ್ಟಿ ಹೊಟ್ಟೆ, ಹಾಲು ಇಳಿಯುವಾಗ ಕೆಮ್ಮು, ನೀಲಿಗಟ್ಟಿದ ತುಟಿ, ಇವುಗಳಲ್ಲಿ ಯಾವುದು ಕಂಡರೂ ಹಾಲು ನಿಲ್ಲಿಸಿ, ಆಗಲೇ ಆಸ್ಪತ್ರೆಗೆ ಹೊರಡಿ. ರಾತ್ರಿಯಾದರೆ ಬೆಳಗಾಗಲಿ ಅಂತ ಕಾಯಬೇಡಿ.