ಅಧಿಕಾರ ಬಿಟ್ಟು ಬ್ಯಾಂಕ್ ಸೇರುವವರನ್ನು ತಡೆಯಲು ನಿಯಮ ಇಲ್ವಾ?

ಅಧಿಕಾರ ಮುಗಿದ ಮೇಲೆ ದೊಡ್ಡ ಬ್ಯಾಂಕ್ ಸೇರುವ ನಾಯಕರನ್ನು ತಡೆಯಲು ನಿಯಮವೇ ಇಲ್ವಾ ಎಂದು ಕೇಳಿದ್ದೀರಿ. ನಿಮ್ಮ ಬೇಸರ ನನಗೂ ಇದೆ. ನಿಯಮ ಇರುವ ಕಡೆಯೂ ಅದು ತುಂಬ ಸಡಿಲ.

ಬರೋಸೊ ಅವರನ್ನೇ ನೋಡಿ. 2004ರಿಂದ 2014ರವರೆಗೆ ಯೂರೋಪ್ ಒಕ್ಕೂಟದ ಆಡಳಿತ ನಡೆಸುವ ಯುರೋಪಿಯನ್ ಕಮಿಷನ್‌ಗೆ ಅಧ್ಯಕ್ಷರಾಗಿದ್ದರು. 2008ರಲ್ಲಿ ಬ್ಯಾಂಕುಗಳು ಕುಸಿದದ್ದು ಅವರ ಕಾಲದಲ್ಲೇ. 2016ರಲ್ಲಿ ಅಮೆರಿಕದ ದೊಡ್ಡ ಬ್ಯಾಂಕ್ ಗೋಲ್ಡ್‌ಮನ್ ಸ್ಯಾಕ್ಸ್ ಸೇರಿದರು. ಆಗಿನ ನಿಯಮದ ಪ್ರಕಾರ ಕಾಯಬೇಕಿದ್ದದ್ದು ಬರೀ 18 ತಿಂಗಳು, ಅದು ಮುಗಿದಿತ್ತು. ಹಾಗಾಗಿ ನಿಯಮ ಮುರಿದಿಲ್ಲ ಎಂದು ಕಮಿಷನ್ನಿನ ನೈತಿಕ ಸಮಿತಿ ಹೇಳಿತು. ಅವರಿಂದ ಇನ್ನೂ ವಿವೇಕ ಬಯಸಬಹುದಿತ್ತು ಎಂಬ ಮಾತೂ ಅದರಲ್ಲಿತ್ತು.

ಆದರೆ ಜನ ಸುಮ್ನೆ ಕೂರಲಿಲ್ಲ. ಯೂರೋಪ್ ಒಕ್ಕೂಟದ ನೌಕರರೇ ಶುರು ಮಾಡಿದ ಮನವಿಗೆ ಲಕ್ಷಕ್ಕೂ ಜಾಸ್ತಿ ಸಹಿ ಬಿತ್ತು. 2018ರಲ್ಲಿ ಕಾಯುವ ಅವಧಿ ಅಧ್ಯಕ್ಷರಿಗೆ 3 ವರ್ಷ, ಉಳಿದ ಕಮಿಷನರ್‌ಗಳಿಗೆ 2 ವರ್ಷ ಆಯಿತು.

ಇದೂ ಸಾಲದು ಅನ್ನಿಸುತ್ತದೆ ನನಗೆ. ನಾಳೆ ಕೆಲಸ ಕೊಡುವವರ ಹತ್ತಿರ ಇವತ್ತು ಬಿಗಿಯಾಗಿ ನಡೆದುಕೊಳ್ಳುವುದು ಕಷ್ಟ ಅಲ್ವಾ? ಅಮೆರಿಕದ ರಾಬರ್ಟ್ ರೂಬಿನ್ 1999ರ ಜುಲೈನಲ್ಲಿ ಹಣಕಾಸು ಸಚಿವ ಹುದ್ದೆ ಬಿಟ್ಟರು, ಅಕ್ಟೋಬರ್‌ನಲ್ಲಿ ಸಿಟಿಗ್ರೂಪ್ ಎಂಬ ದೊಡ್ಡ ಬ್ಯಾಂಕ್‌ನಲ್ಲಿದ್ದರು. ಮತ ಕೇಳಲು ಬಂದವರನ್ನು ಇದನ್ನೇ ಕೇಳಿ: ಎಷ್ಟು ವರ್ಷ ಕಾಯುತ್ತೀರಿ, ಬರೆದುಕೊಡುತ್ತೀರಾ?