ಮೌಲ್ವಿಯೊಬ್ಬರು ದೇಶ ಆಳಿದರೆ ಬೇರೆ ಧರ್ಮದವರ ಗತಿ ಏನು?

ನೀವು ಈ ಪ್ರಶ್ನೆ ಕೇಳಿದ ತಕ್ಷಣ ನನಗೆ ನೆನಪಾಗಿದ್ದು ಇಂಡೋನೇಷ್ಯಾದ ಅಧ್ಯಕ್ಷರಾಗಿದ್ದ ಮೌಲ್ವಿ ಅಬ್ದುರ್ರಹಮಾನ್ ವಾಹಿದ್. ಜನ ಅವರನ್ನು ಗುಸ್ ದುರ್ ಅಂತಲೇ ಕರೆಯುತ್ತಾರೆ. ಜಾವಾದಲ್ಲಿ ಧರ್ಮಗುರುವಿಗೆ 'ಕ್ಯಾಯಿ' ಅನ್ನುತ್ತಾರೆ, ಕ್ಯಾಯಿಯ ಮಗನಿಗೆ 'ಗುಸ್'. ಅಧ್ಯಕ್ಷರಾದ ಮೇಲೂ ಆ ಹೆಸರೇ ಉಳಿಯಿತು.

ಅವರು ಹುಟ್ಟಿದ್ದು 1940ರಲ್ಲಿ, ಪೂರ್ವ ಜಾವಾದ ಜೊಂಬಾಂಗ್‌ನಲ್ಲಿ. 1926ರಲ್ಲಿ ನಹ್ದತುಲ್ ಉಲಮಾ ಎಂಬ ದೊಡ್ಡ ಮುಸ್ಲಿಂ ಸಂಘಟನೆ ಕಟ್ಟಿದ ಹಾಶಿಮ್ ಅಶ್ಅರಿ ಇವರ ಅಜ್ಜ. ತಂದೆ ಮಂತ್ರಿಯಾಗಿದ್ದವರು, 1953ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಹನ್ನೆರಡು ವರ್ಷದ ಹುಡುಗ ಅದೇ ಕಾರಿನಲ್ಲಿದ್ದ. ಮುಂದೆ ಕೈರೋ, ಬಾಗ್ದಾದ್‌ಗಳಲ್ಲಿ ಓದಿ ಬಂದು 1984ರಿಂದ 15 ವರ್ಷ ಅಜ್ಜನ ಸಂಘಟನೆ ನಡೆಸಿದರು. 1998ರಲ್ಲಿ ಸರ್ವಾಧಿಕಾರಿ ಸುಹಾರ್ತೊ ಅಧಿಕಾರದಿಂದ ಇಳಿದ ಮೇಲೆ ಪಕ್ಷ ಕಟ್ಟಿದರು. 1999ರ ಅಕ್ಟೋಬರ್‌ನಲ್ಲಿ ಅಧ್ಯಕ್ಷರಾದರು. ಅಷ್ಟರಲ್ಲಿ ಕಣ್ಣು ಹೆಚ್ಚುಕಡಿಮೆ ಹೋಗಿತ್ತು. ಕಾಗದಪತ್ರಗಳನ್ನು ಯಾರಾದರೂ ಓದಿ ಹೇಳಬೇಕಿತ್ತು.

ನಾನು ಪೂರ್ವ ಜಾವಾದ ಸುರಬಾಯಾ ನಗರದಲ್ಲಿ ಕೆಲಸಕ್ಕಿದ್ದಾಗ ಪಕ್ಕದ ಮೇಜಿನಲ್ಲಿ ಚೀನೀ ಮೂಲದವರೊಬ್ಬರು ಕೂರುತ್ತಿದ್ದರು. ಅವರು ಚಿಕ್ಕವರಿದ್ದಾಗ ಚೀನೀ ಹೊಸ ವರ್ಷದ ದಿನ ಅಮ್ಮ ಮೊದಲು ಕಿಟಕಿ ಮುಚ್ಚಿ, ಆಮೇಲೆ ಊದುಬತ್ತಿ ಹಚ್ಚುತ್ತಿದ್ದರಂತೆ. ಚೀನೀ ಆಚರಣೆಗಳು ಬೀದಿಯಲ್ಲಿ ಕಾಣಬಾರದು ಅಂತ 1967ರಲ್ಲಿ ಸುಹಾರ್ತೊ ಆದೇಶ ಹೊರಡಿಸಿದ್ದರು. 2000ದ ಜನವರಿಯಲ್ಲಿ ಅದನ್ನು ರದ್ದು ಮಾಡಿದ್ದು ಈ ಮೌಲ್ವಿ. ಮುಂದಿನ ತಿಂಗಳೇ ಹಬ್ಬ, ಸಿಂಹದ ಕುಣಿತ ರಸ್ತೆಗೆ ಬಂತು. ಇದನ್ನು ಹೇಳುವಾಗ ಆ ಸಹೋದ್ಯೋಗಿಯ ಗಂಟಲು ಕಟ್ಟಿತು. ನನಗೂ ಮಾತು ಹೊರಡಲಿಲ್ಲ.

ಆಡಳಿತದಲ್ಲಿ ಗುಸ್ ದುರ್ ಎಡವಿದರು, ಅದನ್ನೂ ಹೇಳಬೇಕು ಅಲ್ವಾ. ಮಂತ್ರಿಗಳನ್ನು ಮೇಲಿಂದ ಮೇಲೆ ತೆಗೆದರು, ಸಂಸತ್ತಿನ ಜೊತೆ ಜಗಳ ಜಾಸ್ತಿಯಾಯಿತು. 2001ರ ಜುಲೈ 23ರಂದು ಸಂಸತ್ತನ್ನೇ ಅಮಾನತು ಮಾಡುತ್ತೇನೆ ಅಂತ ಘೋಷಿಸಿದರು. ಇದು ದೊಡ್ಡ ತಪ್ಪು ಅಂತಲೇ ನನ್ನ ಅಭಿಪ್ರಾಯ. ಸೈನ್ಯ ಮಾತು ಕೇಳಲಿಲ್ಲ, ಅದೇ ದಿನ ಅಧಿಕಾರ ಹೋಯಿತು. ರಾತ್ರಿ ಅರಮನೆಯ ಜಗಲಿಗೆ ಚಡ್ಡಿಯಲ್ಲೇ ಬಂದು, ಹೊರಗೆ ಸೇರಿದ್ದ ಬೆಂಬಲಿಗರಿಗೆ ಕೈಬೀಸಿದರು. 2009ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಜೊಂಬಾಂಗ್‌ನಲ್ಲೇ, ಅಜ್ಜ ಮತ್ತು ತಂದೆಯ ಸಮಾಧಿಗಳ ಹತ್ತಿರ ಮಣ್ಣು ಮಾಡಿದರು.

ಅವರ ಜಾಗಕ್ಕೆ ಬಂದ ಮೇಗಾವತಿ, ಚೀನೀ ಆಚರಣೆಗಳ ಮೇಲಿದ್ದ ಆ 1967ರ ಆದೇಶವನ್ನು ಮತ್ತೆ ತರಲಿಲ್ಲ. 2003ರಿಂದ ಚೀನೀ ಹೊಸ ವರ್ಷಕ್ಕೆ ಇಡೀ ದೇಶಕ್ಕೆ ರಜೆ.